ನಮ್ಮಣ್ಣನಿಗೆ ತಾವು ಹೆಚ್ಚುವರಿಯಾಗಿ ದಯಪಾಲಿಸಿದ ತೋರುಬೆರಳಿನ ಕುರಿತು

ಮೂಡಲಗಿ
೧೭ ನವೆಂಬರ್ ೨೦೦೪

ಗೋಕಾಕದ ನೇತ್ರಸುಖ ಫೋಟೋ ಸ್ಟುಡಿಯೋದಲ್ಲಿ ಕಂಪ್ಯೂಟರ್ ಕಲಾವಿದೆಯಾಗಿ ವಿರಾಜಮಾನರಾಗಿರುವ ಸೌಭಾಗ್ಯವತಿ ಪ್ರಣಿತಾಬಾಯಿಯವರ ಸಮ್ಮುಖಕ್ಕೆ,

ಮಾನ್ಯರೇ,

ತಮ್ಮ ಬಲಗೈ ಕೆಳಗಿನ ಮೌಸು ಎಂದೂ ದಾರಿ ತಪ್ಪದಿರಲಿ, ತಮ್ಮ ಪ್ರಿಂಟರಿನ ಬಣ್ಣ ನಡುವೆಯೇ ತೀರಿ ಯಾವ ಮದುಮಗಳೂ ಅರ್ಧ ಹಸಿರಾಗದಿರಲಿ ಎಂದು ಹಾರೈಸುತ್ತ, ಮೂಡಲಗಿಯ ಹೈಸ್ಕೂಲಿನಲ್ಲಿ ಇಪ್ಪತ್ತೊಂಬತ್ತು ವರ್ಷಗಳಿಂದ ಚಿತ್ರಕಲೆ ಕಲಿಸುತ್ತಿರುವ ಭೀಮಶಿ ಮಾಸ್ತರನೆಂಬ ನಾನು ಈ ದೂರನ್ನು ಅತ್ಯಂತ ಗೌರವದಿಂದ ತಮ್ಮ ಮುಂದೆ ಇಡುತ್ತಿದ್ದೇನೆ. ಖಾಸಗಿಯಾಗಿ ಬರೆಯಬಹುದಿತ್ತಲ್ಲ ಎಂದು ತಾವು ಕೇಳಬಹುದು. ಆದರೆ ತಾವು ಮಾಡಿಕೊಟ್ಟ ಫೋಟೋವನ್ನು ಮೇಲವಂಕಿಯ ಸಮಸ್ತರೂ, ಮೂಡಲಗಿಯ ಅರ್ಧದಷ್ಟು ಜನರೂ ಈಗಾಗಲೇ ನೋಡಿಯಾಗಿದೆ. ಫೋಟೋ ಬಹಿರಂಗವಾದ ಮೇಲೆ ಪತ್ರವೊಂದು ಮರೆಯಲ್ಲಿದ್ದು ಏನು ಪ್ರಯೋಜನ?

ಮೊದಲು ನಡೆದದ್ದನ್ನು ನಿವೇದಿಸುತ್ತೇನೆ. ನಮ್ಮವ್ವ ಉದ್ದವ್ವ, ವಯಸ್ಸು ಎಂಬತ್ತೊಂದು, ಮೇಲವಂಕಿಯಲ್ಲಿ ನಮ್ಮಣ್ಣ ದುಂಡಪ್ಪನ ಮನೆಯಲ್ಲಿರುತ್ತಾಳೆ. ಎರಡು ತಿಂಗಳಿಗೊಮ್ಮೆ ಮೂಡಲಗಿಗೆ ಬಂದು ನನ್ನಲ್ಲಿ ಎಂಟು ದಿನ ಇದ್ದು ಹೋಗುತ್ತಾಳೆ. ಅಣ್ಣನೂ ನಾನೂ ಮಾತು ಬಿಟ್ಟು ಹದಿನೆಂಟು ವರ್ಷವಾಗಿತ್ತು. ಅಷ್ಟೂ ಕಾಲ ಆ ಮನೆಯ ಬೆಲ್ಲವನ್ನು ಈ ಮನೆಗೆ, ಈ ಮನೆಯ ಜ್ವರದ ಸುದ್ದಿಯನ್ನು ಆ ಮನೆಗೆ ಹೊತ್ತವಳು ಆಕೆಯೊಬ್ಬಳೇ. ಈ ಶ್ರಾವಣದಲ್ಲಿ ಬಂದಾಗ ನನ್ನ ಹೆಂಡತಿ ಇಂದ್ರವ್ವನೊಡನೆ, “ನಾ ಕಣ್ಣ ಮುಚ್ಚೂದ್ರಾಗ ಇಬ್ರನ್ನೂ ಒಂದ ಕಡೆ ನೋಡಬೇಕವಾ. ಖರೆ ನೋಡಾಕ ಆಗಲಿಲ್ಲಂದ್ರ ಫೋಟೋದಾಗರ ನೋಡತೇನಿ,” ಎಂದಳಂತೆ. ಮರುದಿನವೇ ಅತ್ತೆ ಸೊಸೆ ಇಬ್ಬರೂ ನನಗೆ ಹೇಳದೆ ಗೋಕಾಕಕ್ಕೆ ಬಂದು ತಮ್ಮ ಅಂಗಡಿಯ ಮೆಟ್ಟಿಲು ಹತ್ತಿದರು.

ಅವರು ತಮಗೆ ಕೊಟ್ಟ ಸಾಮಗ್ರಿ ಎಷ್ಟು ಬಡವಾಗಿತ್ತೆಂಬುದು ನನಗೆ ಗೊತ್ತು. ಅಣ್ಣನ ಫೋಟೋ ಸೊಸಾಯಿಟಿಯ ಪುಸ್ತಕದಿಂದ ಕಿತ್ತದ್ದು, ಅಂಚೆಚೀಟಿಯ ಗಾತ್ರ, ಕುತ್ತಿಗೆಯಿಂದ ಕೆಳಗೆ ಆತ ಇರಲೇ ಇಲ್ಲ. ನನ್ನದು ಶಾಲೆಯ ಸ್ನೇಹಸಮ್ಮೇಳನದ ಗುಂಪು ಫೋಟೋ, ಮೂರನೆಯ ಸಾಲು, ಅರ್ಧ ಮುಖದ ಮುಂದೆ ಡ್ರಿಲ್ ಮಾಸ್ತರರ ಕಿವಿ. ಇಷ್ಟನ್ನೇ ಇಟ್ಟುಕೊಂಡು ತಾವು ನಿರ್ಮಿಸಿದ ಕೃತಿಯನ್ನು ಇಂದ್ರವ್ವ ಚೌಕಟ್ಟು ಹಾಕಿಸಿ ತಂದು ನಮ್ಮ ಪಡಸಾಲೆಯಲ್ಲಿ ತೂಗುಹಾಕಿದ ದಿನ, ನಾನು ಚಪ್ಪಲಿ ಕಳಚುವುದನ್ನೂ ಮರೆತು ನಿಂತುಬಿಟ್ಟೆ.

ಮಾನ್ಯರೇ, ದೂರು ಕೊಡುವವನು ಮೆಚ್ಚಬಾರದೆಂಬ ಕಾಯಿದೆ ಇಲ್ಲ. ಕುಂಚ ಹಿಡಿದು ಕೂದಲು ಉದುರಿಸಿಕೊಂಡವನಾಗಿ ಹೇಳುತ್ತೇನೆ: ಅಣ್ಣನ ಮೀಸೆಯನ್ನು ತಾವು ಎಳೆ ಎಳೆಯಾಗಿ ಬಿಡಿಸಿ ಎತ್ತಿಟ್ಟಿದ್ದೀರಿ, ಕತ್ತರಿಸಿ ಅಂಟಿಸಿದ ಚಿತ್ರದ ಅಂಚಿನಲ್ಲಿ ಉಳಿಯುವ ಬಿಳಿ ಗೆರೆ ಎಲ್ಲಿಯೂ ಇಲ್ಲ. ನನ್ನ ಎಡಗೆನ್ನೆಯ ಒಳ್ಳೆಯ ಚರ್ಮವನ್ನು ಚೂರು ಚೂರಾಗಿ ತೆಗೆದು ಬಲಗೆನ್ನೆಯ ಸಿಡುಬಿನ ಕಲೆಗಳ ಮೇಲೆ ಹಚ್ಚಿದ್ದೀರಿ. ನನ್ನ ಬೋಳುತಲೆಗೆ ಅಣ್ಣನ ಕೂದಲನ್ನೇ ನಾಟಿ ಮಾಡಿದ್ದೀರಿ. ಹೀಗಾಗಿ ಬಂದವರೆಲ್ಲ “ಅಣ್ಣತಮ್ಮಂದಿರು ಒಂದ ಅಚ್ಚಿನ್ಯಾಗ ತಗದಂಗ ಅದೀರಿ” ಎನ್ನುತ್ತಾರೆ. ಹುಟ್ಟಿನಿಂದ ಧೋತರವೊಂದನ್ನೇ ಬಲ್ಲ ಅಣ್ಣನಿಗೆ ನೀಲಿ ಕೋಟು, ಟೈ, ಸೊಂಟ ಮತ್ತು ಎರಡು ಕೈಗಳನ್ನು ಒದಗಿಸಿದ್ದೀರಿ. ಹಿಂದುಗಡೆ ಗೋಕಾಕ ಫಾಲ್ಸ್ ತುಂಬಿ ಧುಮುಕುತ್ತಿದೆ, ನಾವಿಬ್ಬರೂ ಅದರ ನಟ್ಟನಡುವೆ ಒಂದು ಕೆಂಪು ಜಮಖಾನದ ಮೇಲೆ ಒಂದು ಹನಿಯೂ ತಾಗದೆ ನಿಂತಿದ್ದೇವೆ. ಎಲ್ಲಕ್ಕಿಂತ ಮಿಗಿಲಾಗಿ, ಆತನ ಫೋಟೋಕ್ಕೆ ಎಡಗಡೆಯಿಂದ ಬೆಳಕು ಬಿದ್ದಿತ್ತು, ನನ್ನದಕ್ಕೆ ಬಲಗಡೆಯಿಂದ. ತಾವು ನೆರಳುಗಳನ್ನು ತಿದ್ದಿ, ಹದಿನೆಂಟು ವರ್ಷ ಮುಖ ತಿರುಗಿಸಿಕೊಂಡಿದ್ದ ಇಬ್ಬರ ಮೇಲೆ ಒಂದೇ ಸೂರ್ಯನನ್ನು ಬೀಳಿಸಿದ್ದೀರಿ. ಇದನ್ನು ನಾನು ಎಂಟನೆಯ ತರಗತಿಗೆ ಪಾಠವಾಗಿ ಹೇಳಿದ್ದೇನೆ.

ಇನ್ನು ದೂರು. ಆ ಫೋಟೋದಲ್ಲಿ ಅಣ್ಣನ ಬಲಗೈ ನನ್ನ ಹೆಗಲ ಮೇಲಿದೆ. ಆ ಕೈಗೆ ಐದು ಬೆರಳುಗಳಿವೆ.

ನಮ್ಮಣ್ಣನ ಬಲಗೈಯಲ್ಲಿ ನಾಲ್ಕೇ ಬೆರಳು, ಮಾನ್ಯರೇ. ತೋರುಬೆರಳಿನ ಬುಡ ಮಾತ್ರ ಉಳಿದಿದೆ. ಅದು ಹೋದದ್ದು ೧೯೮೬ರಲ್ಲಿ, ನಮ್ಮ ಹೊಲದ ಕಬ್ಬಿನ ಗಾಣದಲ್ಲಿ. ಅಂದು ಭಾನುವಾರ, ನಾನು ಊರಿಗೆ ಹೋಗಿದ್ದೆ. ಕರೆಂಟ್ ಹೋಗಿ ಗಾಣ ನಿಂತಿತು. ಸಿಕ್ಕಿಕೊಂಡ ಕಬ್ಬಿನ ಸಿಪ್ಪೆಯನ್ನು ಕೀಳಲು ಅಣ್ಣ ಗಾಣದೊಳಗೆ ಕೈ ಹಾಕುತ್ತ, “ಭೀಮಶಿ, ಮೋಟಾರಿನ ಬಟನ್ ಬಂದ್ ಮಾಡು,” ಎಂದ. ನಾನು ಮರದ ಕೆಳಗೆ ಕೂತು, ಗಾಣದ ಮೇಲೆ ಬಗ್ಗಿದ ಅವನನ್ನೇ ಪೆನ್ಸಿಲಿನಲ್ಲಿ ಬರೆಯುತ್ತಿದ್ದೆ. ಬೆನ್ನಿನ ಗೆರೆ ಚೆನ್ನಾಗಿ ಬರುತ್ತಿತ್ತು, ಇದೊಂದು ಗೆರೆ ಮುಗಿಯಲಿ ಎಂದುಕೊಂಡೆ. ಅಷ್ಟರಲ್ಲಿ ಕರೆಂಟ್ ಬಂತು.

ಅಣ್ಣ ಕೂಗಲಿಲ್ಲ. ಕೈಗೆ ಧೋತರದ ಅಂಚು ಸುತ್ತಿಕೊಂಡು ನನ್ನ ಕಡೆ ನೋಡಿ, “ಚಿತ್ರ ಮುಗೀತೇನ?” ಎಂದು ಕೇಳಿದ. ಆತನನ್ನು ಜನ ಟೆಂಪೋದಲ್ಲಿ ಹಾಕಿಕೊಂಡು ಗೋಕಾಕದ ದವಾಖಾನೆಗೆ ಓಡಿದರು. ನಾನು ಮೂಡಲಗಿಯ ದಾರಿ ಹಿಡಿದೆ. ಆ ಎರಡು ಶಬ್ದಗಳನ್ನು ನಾನು ಹದಿನೆಂಟು ವರ್ಷ ಹಗಲೂರಾತ್ರಿ ಕೇಳಿದ್ದೇನೆ. ಅಂದಿನಿಂದ ನಾನು ಚಿತ್ರದಲ್ಲಿ ಕೈಗಳನ್ನು ಬರೆಯಲಿಲ್ಲ, ಬರೆಯಲು ಕಲಿಸಲೂ ಇಲ್ಲ. ಮೂಡಲಗಿಯಲ್ಲಿ ನನ್ನ ಕೈಯಡಿ ಕಲಿತ ಒಂದು ಪೀಳಿಗೆಯೇ ಮನುಷ್ಯರನ್ನು ಬರೆಯುವಾಗ ಅವರ ಕೈಗಳನ್ನು ಕಿಸೆಯಲ್ಲೋ ಬೆನ್ನ ಹಿಂದೋ ಇಡುತ್ತದೆ. ಒಮ್ಮೆ ಪರೀಕ್ಷಕರೊಬ್ಬರು, ಈ ಊರಿನಲ್ಲಿ ಇಷ್ಟೊಂದು ಚಳಿಯೇ ಎಂದು ವಿಚಾರಿಸಿದ್ದರು.

ಇಂಥ ಬೆರಳನ್ನು ತಾವು, ಇಂದ್ರವ್ವ ಹೇಳುವ ಪ್ರಕಾರ, ಒಂದು ಕಪ್ ಚಹ ಆರುವುದರೊಳಗೆ ಬೆಳೆಸಿಬಿಟ್ಟಿರಿ. ಅದಕ್ಕೊಂದು ಪಚ್ಚೆಯ ಉಂಗುರವನ್ನೂ ತೊಡಿಸಿದಿರಿ. ನಾನು ಅದರೆದುರು ಕೂತು ಊಟ ಮಾಡಬೇಕು. ಮೊದಲ ವಾರ ತುತ್ತು ಇಳಿಯಲಿಲ್ಲ. ಎರಡನೆಯ ವಾರ, ಹೇಳಿಕೊಳ್ಳಲು ನಾಚಿಕೆ, ನನಗೆ ಆ ಬೆರಳು ಇಷ್ಟವಾಗತೊಡಗಿತು. ಗಾಣವೂ ಇಲ್ಲ, ಬಟನ್ನೂ ಇಲ್ಲ, ಏನೂ ಆಗಿಯೇ ಇಲ್ಲ ಎಂದು ಅದು ದಿನಾಲು ನನಗೆ ಹೇಳುತ್ತಿತ್ತು. ಮನುಷ್ಯನನ್ನು ಇಷ್ಟು ಅಗ್ಗವಾಗಿ ನಿರಪರಾಧಿಯನ್ನಾಗಿ ಮಾಡುವ ಯಂತ್ರವನ್ನು ಕೋರ್ಟಿನಲ್ಲಿಡದೆ ಫೋಟೋ ಅಂಗಡಿಯಲ್ಲಿ ಏಕೆ ಇಟ್ಟಿದ್ದಾರೆಂದು ತಿಳಿಯದು.

ಅಷ್ಟರಲ್ಲಿ ಅವ್ವ ಇನ್ನೊಂದು ಪ್ರತಿಯನ್ನು ಸೀರೆಯ ಗಂಟಿನಲ್ಲಿ ಮೇಲವಂಕಿಗೆ ಒಯ್ದಿದ್ದಳು. ದೀಪಾವಳಿಗೆ ಎಂಟು ದಿನವಿರುವಾಗ ಮುಂಜಾನೆಯ ಬಸ್ಸಿಗೆ ಅಣ್ಣ ನಮ್ಮ ಬಾಗಿಲಿಗೆ ಬಂದು ನಿಂತ. ಹದಿನೆಂಟು ವರ್ಷದಲ್ಲಿ ಮೊದಲ ಸಲ. ಚೆನ್ನಾಗಿದ್ದೀಯಾ ಎನ್ನಲಿಲ್ಲ. ಚೀಲದಿಂದ ಫೋಟೋ ತೆಗೆದು ನನ್ನ ಮುಖದ ಮುಂದೆ ಹಿಡಿದು, “ಇದ ಯಾರ ಕೈ?” ಎಂದ. ನಾನು ಗೊತ್ತಿಲ್ಲ ಎಂದೆ. “ನನ್ನ ಕೈ ಎಲ್ಲಿ ಇಟ್ಟೇನಿ ಅನ್ನೂದು ನನಗರ ಗೊತ್ತಿರಬೇಕೋ ಬ್ಯಾಡೋ? ಊರಾಗ ಮಂದಿ, ದುಂಡಪ್ಪಗ ಬೆರಳ ಯಾವಾಗ ಬಂತು ಅಂತ ನೋಡಾಕ ಬರಾಕತ್ತಾರ. ನಡಿ ಗೋಕಾಕಕ್ಕ, ಇದನ್ನ ತಗಸೂಣು.” ಇಂದ್ರವ್ವ ಕೊಟ್ಟ ಚಹವನ್ನು ನಿಂತೇ ಕುಡಿದ. ಬಸ್ಸಿನಲ್ಲಿ ಒಂದೇ ಸೀಟಿನ ಮೇಲೆ ಕೂತೆವು, ನಡುವೆ ಫೋಟೋ ಇಟ್ಟುಕೊಂಡೆವು. ಕಂಡಕ್ಟರನೂ ಅದರತ್ತ ಬಗ್ಗಿ, ಫಾಲ್ಸಿನಲ್ಲಿ ಹಾಗೆ ನಿಲ್ಲಲು ಯಾರ ಪರವಾನಗಿ ಬೇಕು ಎಂದು ಕೇಳಿದ.

ಮುಂದಿನದಕ್ಕೆ ತಾವೇ ಸಾಕ್ಷಿ. ಆ ಕೈ ಹುಕ್ಕೇರಿಯ ಮದುವೆಯ ಆಲ್ಬಮಿನಲ್ಲಿದ್ದ ವರನ ಸೋದರಮಾವನದೆಂದು ತಾವು ಪ್ರಾಮಾಣಿಕವಾಗಿ ಒಪ್ಪಿಕೊಂಡು, “ಚೊಲೋ ಕೈ ಐತ್ರಿ ಕಾಕಾರ, ಇರಲಿ ಬಿಡ್ರಿ,” ಎಂದಿರಿ. ಅಣ್ಣ, “ಅವರ ಕೈ ಅವರಿಗೆ ಕೊಡು ತಂಗಿ, ನನ್ನದು ನಾ ತಂದೇನಿ,” ಎಂದು ಬಲಗೈಯನ್ನು ಮೇಜಿನ ಮೇಲಿಟ್ಟ. ತಾವು ಸ್ಕ್ಯಾನರಿನ ಮುಚ್ಚಳ ತೆರೆದು, ಗಾಜಿನ ಮೇಲೆ ಇಡಲು ಹೇಳಿದಿರಿ. ಮೊದಲ ಸಲ ಅಂಗೈ ಬಂತು. ಅದನ್ನು ಹೆಗಲ ಮೇಲೆ ಕೂಡಿಸಿದಾಗ ಅಣ್ಣ ನನ್ನ ಭುಜದಿಂದ ಭಿಕ್ಷೆ ಬೇಡುವಂತೆ ಕಂಡಿತು. ಎರಡನೆಯ ಸಲ ಕೈ ಮಗುಚಿ ಇಡಿಸಿದಿರಿ. ಬೆರಳುಗಳು ಹಲಗೆಯಂತೆ ಚಪ್ಪಟೆಯಾಗಿ ಬಂದವು. ಮೂರನೆಯ ಸಲ ಆ ಹಸಿರು ಬೆಳಕು ಗಾಜಿನ ಕೆಳಗೆ ಅವನ ಮಣಿಕಟ್ಟಿನಿಂದ ಬೆರಳುಗಳತ್ತ ಸರಿಯುತ್ತಿದ್ದಾಗ ಅಂಗಡಿಯ ಕರೆಂಟ್ ಹೋಯಿತು. ಫ್ಯಾನು ನಿಂತಿತು. ತಮ್ಮ ಬ್ಯಾಟರಿಯ ಪೆಟ್ಟಿಗೆ ಕೀಂ ಕೀಂ ಎಂದು ಕೂಗತೊಡಗಿತು; ಬೆಳಕು ಮಾತ್ರ ನಿಲ್ಲದೆ ಸರಿಯುತ್ತಲೇ ಇತ್ತು.

ನಾನು “ಅಣ್ಣಾ, ಕೈ ತಗೀ!” ಎಂದು ಒದರಿದೆ. ಬಜಾರದ ತುದಿಯವರೆಗೆ ಕೇಳಿಸಿತೆಂದು ಆಮೇಲೆ ತಿಳಿಯಿತು. ಮೇಜಿನ ಕೆಳಗೆ ನುಗ್ಗಿ ಕೈಗೆ ಸಿಕ್ಕ ತಂತಿಗಳನ್ನೆಲ್ಲ ಕಿತ್ತೆ. ಹುಕ್ಕೇರಿಯ ಮದುವೆಯ ಅರ್ಧ ಆಲ್ಬಮ್ಮು ಅದರೊಡನೆ ಅಳಿಸಿಹೋಯಿತೆಂದು ತಾವು ತಲೆಯ ಮೇಲೆ ಕೈಹೊತ್ತು ಕೂತಿರಿ. ಅದಕ್ಕಾಗಿ ಕ್ಷಮೆ ಕೇಳುತ್ತೇನೆ. ಅಕ್ಷತೆ ಬಿದ್ದ ಮೇಲೆ ಮದುವೆ ಊರ್ಜಿತವೇ ಎಂದು ನಂಬಿದ್ದೇನೆ. ನಾನು ಮೇಜಿನ ಕೆಳಗಿಂದ ಏಳಲಾರದೆ ಅಲ್ಲಿಯೇ ಕೂತು ಅತ್ತದ್ದನ್ನು ತಾವು ನೋಡಿಯೂ ನೋಡದವರಂತೆ ನೀರು ತರಲು ಹೋದಿರಿ. ಈ ಉಪಕಾರವನ್ನು ಯಾವ ಯಂತ್ರವೂ ಮಾಡಲಾರದು.

ಕರೆಂಟ್ ಬರಲು ಒಂದು ತಾಸು ಹಿಡಿಯಿತು. ಹೊರಗಿನ ಬಾಕಿನ ಮೇಲೆ ಕೂತಾಗ ನಾನು ಕೇಳಿಯೇಬಿಟ್ಟೆ, “ಅಣ್ಣಾ, ಅವತ್ತ ‘ಚಿತ್ರ ಮುಗೀತೇನ’ ಅಂತ ಯಾಕಂದಿ?” ಆತ, “ಹಂಗ ಅಂದಿದ್ನೇನ? ನೆಪ್ಪಿಲ್ಲೋ. ಬೆರಳ ಹೋದ ಹೊತ್ತಿನ್ಯಾಗ ಮನಷ್ಯಾ ಏನೇನೋ ಅಂತಾನ,” ಎಂದ. ಹಾಗಾದರೆ ಇಷ್ಟು ವರ್ಷ ಏಕೆ ಸಿಟ್ಟಾಗಿದ್ದೆ ಎಂದೆ. “ನನ್ನ ಸೈಕಲ್ ಒಯ್ದಿ,” ಎಂದ. “ಬೆರಳಿಂದು ಬಿಡು, ಅದು ಕರೆಂಟಿನ ಕೆಲಸ. ಆದರ ನೀ ದವಾಖಾನಿಗೆ ಬರತಿ ಅಂತ ಮೂರ ದಿನ ಬಾಗಲಾ ನೋಡಿದ್ನಿ. ನೀ ಬರಲಿಲ್ಲ, ಸೈಕಲ್ಲೂ ಬರಲಿಲ್ಲ. ಹೊಸಾ ಸೈಕಲ್ಲ ಅದು.”

ಮಾನ್ಯರೇ, ಆ ಮಧ್ಯಾಹ್ನ ಮೇಲವಂಕಿಯಿಂದ ಮೂಡಲಗಿಗೆ ನಾನು ಯಾವುದರ ಮೇಲೆ ಓಡಿಬಂದೆನೆಂಬುದನ್ನು ಒಮ್ಮೆಯೂ ಯೋಚಿಸಿರಲಿಲ್ಲ. ಆ ಸೈಕಲ್ಲು ಶಾಲೆಯ ಹಿತ್ತಿಲಿನಲ್ಲಿ ತುಕ್ಕು ತಿಂದು ಗುಜರಿಗೆ ಹೋಗಿ ಎಷ್ಟೋ ವರ್ಷಗಳಾದವು.

ಕರೆಂಟ್ ಬಂದ ಮೇಲೆ ತಾವು ಸ್ಕ್ಯಾನರಿನ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ಅನುಮಾನದಿಂದ ನೋಡಿ, “ಕಾಕಾರ, ಸಿಟ್ಟಾಗಬ್ಯಾಡ್ರಿ. ಆ ಕೈನ ಇವರ ಹೆಗಲ ಮ್ಯಾಲ ಇಟ್ಟ ಒಂದ ಫೋಟೋ ಹೊಡದರ ಮುಗೀತಲ್ಲರಿ?” ಎಂದಿರಿ. ನಾವಿಬ್ಬರೂ ಬೆಪ್ಪಾದೆವು. ಇಷ್ಟು ಮುಂದುವರಿದ ತಂತ್ರ ನಮಗೆ ಹೊಳೆದಿರಲಿಲ್ಲ. ಅಣ್ಣ ಕೈಯನ್ನು ಧೋತರಕ್ಕೆ ಒರೆಸಿಕೊಂಡು ನನ್ನ ಹೆಗಲ ಮೇಲೆ ಇಟ್ಟ. ಆ ಮೋಟು ಬೆರಳು ಕುತ್ತಿಗೆಯ ಹತ್ತಿರ ತಾಗಿತು, ಬೆಚ್ಚಗಿತ್ತು. ತಾವು ಬಟನ್ ಒತ್ತಿದಿರಿ.

ಈ ಎರಡನೆಯ ಫೋಟೋದಲ್ಲಿ ಅಣ್ಣನ ಕಣ್ಣುಗಳು ಮುಚ್ಚಿವೆ, ನನ್ನ ಬಾಯಿ ತೆರೆದಿದೆ, ಬೋಳುತಲೆ ಟ್ಯೂಬ್‌ಲೈಟಿಗೆ ಹೊಳೆಯುತ್ತಿದೆ, ಹಿಂದೆ ನೀರಿಲ್ಲ, ತಮ್ಮ ಕ್ಯಾಲೆಂಡರಿದೆ. ಅದನ್ನು ನಾವಿಬ್ಬರೂ ಸೇರಿ ಮೇಲವಂಕಿಗೆ ಒಯ್ದು ಅವ್ವನ ಕೈಗೆ ಕೊಟ್ಟೆವು. ಆಕೆ ಕಣ್ಣಿಗೆ ಹತ್ತಿರ ಹಿಡಿದು, ದೂರ ಹಿಡಿದು ನೋಡಿ, “ಇದ ಕಂಪ್ಯೂಟರಿಂದು. ಗೊತ್ತಾಗತೈತಿ. ಆ ಹುಡಗಿ ಈ ಸಲ ಕೆಲಸ ಕೆಡಿಸ್ಯಾಳ. ಮೊದಲಿನದ ಖರೆ ಫೋಟೋ,” ಎಂದು ತೀರ್ಪು ಕೊಟ್ಟಳು. ಎದುರಿಗೇ ಇಬ್ಬರೂ ಒಂದೇ ತಾಟಿನಲ್ಲಿ ಚುರುಮುರಿ ತಿನ್ನುತ್ತ ಕೂತಿದ್ದೆವು. ಅದನ್ನು ಆಕೆ ಪುರಾವೆಯೆಂದು ಗಣಿಸಲಿಲ್ಲ. ನೋಡಲು ಬಂದ ನೆರೆಯವರು, “ಏನ ಕಂಪ್ಯೂಟರಪಾ, ಖರೇನ ಬಾಜೂಕ ನಿಂತಂಗ ಮಾಡೈತಿ!” ಎಂದು ತಮ್ಮನ್ನು ಕೊಂಡಾಡಿದರು.

ಆದ್ದರಿಂದ ತಮ್ಮಲ್ಲಿ ಪ್ರಾರ್ಥಿಸುವುದೇನೆಂದರೆ, ಎರಡನೆಯ ಫೋಟೋ ಖರೆಯದೆಂದು ಅಂಗಡಿಯ ಶಿಕ್ಕಾ ಒತ್ತಿ ನಮ್ಮವ್ವನ ಹೆಸರಿಗೆ ಪ್ರಮಾಣಪತ್ರ ಕೊಡಬೇಕು. ಮೊದಲನೆಯದರ ಜಲಪಾತವನ್ನು ದಯಮಾಡಿ ಬಂದ್ ಮಾಡಬೇಕು, ಸೆಳವಿನಲ್ಲಿ ನಿಂತ ಮಕ್ಕಳನ್ನು ನೋಡಿ ಆಕೆ ಆಗಾಗ “ದಂಡಿಗೆ ಬರ್ರೋ” ಎನ್ನುತ್ತಾಳೆ. ಹುಕ್ಕೇರಿಯ ಸೋದರಮಾವನವರಿಗೆ ಅವರ ಕೈಯನ್ನು ಉಂಗುರ ಸಮೇತ ಸಕಲ ಮರ್ಯಾದೆಯೊಂದಿಗೆ ಹಿಂತಿರುಗಿಸಬೇಕು. ಮತ್ತು, ಬೆರಳನ್ನೇ ಬೆಳೆಸಬಲ್ಲ ತಮಗೆ ಇದೇನೂ ಕಷ್ಟವಾಗದೆಂದು ತಿಳಿದು ಕೇಳುತ್ತೇನೆ, ಹಸಿರು ಬಣ್ಣದ, ಹಿಂದೆ ಕ್ಯಾರಿಯರ್ ಇದ್ದ, ೧೯೮೬ರಲ್ಲಿ ಹೊಸದಾಗಿದ್ದ ಒಂದು ಗಂಡಸರ ಸೈಕಲ್ಲನ್ನು ಹಾಗೆಯೇ ಬೆಳೆಸಿ, ಅಣ್ಣ ಹತ್ತಲು ಬರುವಂತೆ ಕಳಿಸಿಕೊಡಬೇಕು.

ತಮ್ಮ ಕೈಚಳಕಕ್ಕೆ ಸೋತವನೂ, ಆದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದವನೂ ಆದ,
ಭೀಮಶಿ ಮಾಸ್ತರ
(ಸಿಡುಬಿನ ಕಲೆಗಳ ಸಹಿತ)

ತಾ.ಕ.: ನಿನ್ನೆ ಸಂತೆಗೆಂದು ಅಣ್ಣನೊಡನೆ ಗೋಕಾಕಕ್ಕೆ ಬಂದಾಗ, ತಮ್ಮ ಅಂಗಡಿಯ ಗಾಜಿನ ಕಪಾಟಿನಲ್ಲಿ ನಮ್ಮ ಎರಡನೆಯ ಫೋಟೋವನ್ನು ನಿಲ್ಲಿಸಿ, ಕೆಳಗೆ ‘ಅಗಲಿದ ಸಹೊದರರು: ಕಂಪ್ಯೂಟರಿನಿಂದ ಜೋಡಿಸಿದ್ದು’ ಎಂದು ಚೀಟಿ ಅಂಟಿಸಿದ್ದನ್ನು ಕಂಡೆವು. ಇದು ಶುದ್ಧ ಸುಳ್ಳೆಂದು ಜಗಳಕ್ಕೆ ಒಳಗೆ ನುಗ್ಗುತ್ತಿದ್ದ ನನ್ನನ್ನು ಅಣ್ಣ ರಟ್ಟೆ ಹಿಡಿದು ತಡೆದು, “ಸುಳ್ಳೇನೈತೋ ಅದರಾಗ? ಆಕೀನ ಜೋಡಿಸಿದ್ದು,” ಎಂದ. ಹೀಗಾಗಿ ಆ ಆಕ್ಷೇಪಣೆಯನ್ನು ಹಿಂದಕ್ಕೆ ಪಡೆದಿದ್ದೇನೆ. ಆದರೆ ‘ಅಗಲಿದ’ ಎಂದರೆ ನಾವಿಬ್ಬರೂ ಸತ್ತೆವೆಂದು ಸಂತೆಯ ಜನ ತಿಳಿಯುತ್ತಾರೆ. ‘ಸಹೊದರ’ದ ‘ಹೊ’ಗೆ ದೀರ್ಘ ಬೇಕು. ಗೋಕಾಕ ತಾಲೂಕಿನ ಮುಖಗಳನ್ನೆಲ್ಲ ತಿದ್ದಿ ನಿಲ್ಲಿಸಿರುವ ತಾವು ಅದೊಂದು ಪದವನ್ನೂ ಇದೊಂದು ಅಕ್ಷರವನ್ನೂ ತಿದ್ದಿ, ನಮ್ಮಿಬ್ಬರನ್ನೂ ಬದುಕಿಸಬೇಕೆಂದು ವಿನಂತಿ.