ಮಲ್ಲಿಗೆಗೆ ಯಾವ ಗೊಬ್ಬರ?

ಎರಡೂ ಕಡೆಯವರ ಮಾತಿಗೆ ತಲೆಯಾಡಿಸುವವನನ್ನು ಜಗತ್ತು ಸಜ್ಜನ ಎನ್ನುತ್ತದೆ. ಅವನ ಪುಕ್ಕಲುತನ ಗೊತ್ತಿರುವುದು ಹೆಂಡತಿಗೆ ಮಾತ್ರ. ನನ್ನ ವಿಷಯದಲ್ಲಿ ಆ ಗುಟ್ಟು ಮುಂಬಯಿ ಗೋರೆಗಾಂವಿನ ನಮ್ಮ ಇಡೀ ಬಿಲ್ಡಿಂಗಿಗೇ ಬಯಲಾಯಿತು. ಕಾರಣ, ಒಂದು ಮಲ್ಲಿಗೆ ಗಿಡ.

ಗಿಡ ನನ್ನ ಹೆಂಡತಿ ವಸಂತಿಯದು. ಉಡುಪಿಯ ತವರಿನಿಂದ ರೈಲಿನುದ್ದಕ್ಕೂ ಮಡಿಲಲ್ಲಿಟ್ಟುಕೊಂಡು ತಂದಿದ್ದಳು. ಕಾಲು ಚಾಚಲು ಜಾಗ ಕೇಳಿದ ನನ್ನನ್ನು ಮೇಲಿನ ಬರ್ತಿಗೆ ಅಟ್ಟಿದ್ದಳು. ಎರಡು ವರ್ಷವಾದರೂ ಒಂದು ಮೊಗ್ಗಿಲ್ಲ. ಭಾನುವಾರ ಬಂತೆಂದರೆ ಅತ್ತೆಯ ಫೋನು: "ಹೂ ಬಿಟ್ಟಿತಾ?" "ಬಿಡ್ತದೆ ಅಮ್ಮ" ಎಂದು ಹೇಳಿ ಹೇಳಿ ಸೋತ ವಸಂತಿ ಕೊನೆಗೆ ಫೋನು ಎತ್ತುವುದನ್ನೇ ನಿಲ್ಲಿಸಿದಳು. ಆಗ ನನಗೂ ಗಾಬರಿಯಾಯಿತು.

"ಕಡಲೆಹಿಂಡಿ ಕೊಳೆಸಿ ಹಾಕ್ಬೇಕು ಮಾರಾಯ್ರೆ, ನಮ್ಮಲ್ಲೆಲ್ಲ ಹಾಗೇ" ಎಂದಳು ವಸಂತಿ. ಸರಿ ಎಂದೆ. ಕಾಂಪೌಂಡಿನ ಗಿಡ ನೋಡಿಕೊಳ್ಳುವ ಬಾಗಲಕೋಟೆಯ ಶಿವಪ್ಪ, "ಹಿಂಡಿ ಗಿಂಡಿ ಬ್ಯಾಡ್ರಿ ಸಾಹೇಬ್ರ, ಸರಕಾರಿ ಗೊಬ್ಬರ ಹಾಕ್ರಿ" ಎಂದ. ರಾಸಾಯನಿಕ ಗೊಬ್ಬರಕ್ಕೆ ಅವನ ಊರಿನಲ್ಲಿ ಅದೇ ಹೆಸರು. ಸರಕಾರದ್ದು ಎಂದಮೇಲೆ ಫಲ ಯಾವ ಕಾಲಕ್ಕೋ ಎಂಬ ಅನುಮಾನ ಬಂದರೂ ಅದಕ್ಕೂ ಸರಿ ಎಂದೆ.

ಮೊದಲ ಸರದಿ ಹಿಂಡಿಯದು. ಬಾಲ್ಕನಿಯ ಬಕೆಟ್ಟಿನಲ್ಲಿ ನೆನೆಹಾಕಿದ ಅದು ಮೂರನೆಯ ದಿನ ತನ್ನ ಗುಣ ತೋರಿಸಿತು. ಕೆಳಗಿನ ಮನೆಯ ಮರಾಠಿ ಹೆಂಗಸು, ಬಿಲ್ಡಿಂಗಿಗೆಲ್ಲ ಕಾಕು, ಮೂಗಿಗೆ ಸೆರಗು ಹಿಡಿದು ಬಂದು, "ಅಹೋ, ತುಮ್ಚ್ಯಾಕಡೆ ಉಂದೀರ್ ಮೇಲಾಯ್ ಕಾ?" ಎಂದರು. ನಿಮ್ಮಲ್ಲಿ ಇಲಿ ಸತ್ತಿದೆಯೇ ಎಂದು. ನಾನು ಮಹಾ ಆಶ್ಚರ್ಯದಿಂದ, "ನಮಗೂ ವಾಸನೆ ಬರ್ತಿದೆ, ನೋಡಿ" ಎಂದೆ. ತಪ್ಪಾದದ್ದು ಅಲ್ಲೇ. ಮರುದಿನ ಸೊಸೈಟಿಯ ಸೆಕ್ರೆಟರಿ ಪ್ಲಂಬರನನ್ನು ಕರೆಸಿದರು. ಅವನು ನಾಲ್ಕು ಮಹಡಿಯ ಡ್ರೈನೇಜು ಪೈಪು ಬಿಚ್ಚುತ್ತಾ, ಮೂಗಿನ ಜಾಡು ಹಿಡಿದು ನೇರ ನಮ್ಮ ಬಕೆಟ್ಟಿನ ಮುಂದೆ ಬಂದು ನಿಂತ. ಹಿಂದೆ ಸೆಕ್ರೆಟರಿ, ಕಾಕು, ಅರ್ಧ ಬಿಲ್ಡಿಂಗು. "ಅರೆ ಭಾಯ್‌ಸಾಬ್, ಬೋಲ್ನಾ ಥಾ ನಾ!" ಎಂದರು ಸೆಕ್ರೆಟರಿ, ಮೊದಲೇ ಹೇಳಬಾರದಿತ್ತೇ ಎಂದು. ವಸಂತಿ ಬಕೆಟ್ಟು ಖಾಲಿ ಮಾಡಿ ತೊಳೆದಿಟ್ಟಳು. "ಹಾಕಿ ಇನ್ನು, ನಿಮ್ಮ ಸರಕಾರಿ ಪುಡಿ."

ಶಿವಪ್ಪ ಹೇಳಿಯೇ ಹೇಳಿದ್ದ: "ಒಂದ ಚಿಟಿಕಿ, ನೀರಾಗ ಕಲಸಿ. ಜಾಸ್ತಿ ಆತಂದ್ರ ಗಿಡ ಸುಟ್ಟ ಹೋಗ್ತೈತಿ." ಆದರೆ ಎರಡು ವರ್ಷದ ಬಾಕಿಗೆ ಚಿಟಿಕೆ ಸಾಕೇ? ಒಂದು ಚಮಚ ಹಾಕಿದೆ. ಸಂಜೆಯವರೆಗೆ ಏನೂ ಆಗದ್ದು ಕಂಡು ಇನ್ನೊಂದು. ವಾರದೊಳಗೆ ಎಲೆಯ ಅಂಚೆಲ್ಲ ಸುಟ್ಟ ಹಪ್ಪಳ. "ಅಮ್ಮನಿಗೆ ಏನು ಹೇಳ್ಲಿ?" ಎಂದು ವಸಂತಿ ಕಣ್ಣೊರೆಸಿಕೊಂಡಾಗ ನನಗೆ ನಿಜವಾಗಿಯೂ ಸಂಕಟವಾಯಿತು. ನಾನೇ ಅತ್ತೆಗೆ ವಿಡಿಯೋ ಕಾಲ್ ಮಾಡಿ, ಎರಡು ಚಮಚವನ್ನೂ ಒಪ್ಪಿಕೊಂಡೆ.

ಅತ್ತೆ ಕನ್ನಡಕ ಸರಿಮಾಡಿಕೊಂಡು ಗಿಡವನ್ನು ನೋಡಿದರು. "ಕುಂಡದಿಂದ ಹರಿದುಹೋಗುವಷ್ಟು ನೀರು ಹೊಯ್ದು ಆ ಪುಡಿ ತೊಳೀರಿ. ಒಣಗಿದ ಗೆಲ್ಲು ಕತ್ತರಿಸಿ. ಅಲ್ಲ ಮಗಾ, ಗೊಬ್ಬರ ಇರ್ಲಿ, ಗಿಡಕ್ಕೆ ಬಿಸಿಲೇ ಇಲ್ವಲ್ಲ! ಮೇಲೆ ಅದೆಂತ ತೋರಣ?"

ತೋರಣ ನನ್ನದೇ. ಎರಡು ಲುಂಗಿ, ಮೂರು ಪ್ಯಾಂಟು, ಒಂದು ದುಪ್ಪಟಿ. ಬಾಲ್ಕನಿಯಲ್ಲಿ ಗಿಡದ ಮೇಲೆಯೇ ಬಟ್ಟೆಯ ಹಗ್ಗ ಕಟ್ಟಿದವನೂ ನಾನೇ.

ಮನೆಯಲ್ಲಿ ದಿನವಿಡೀ ಬಿಸಿಲು ಬೀಳುವ ಜಾಗ ಒಂದೇ, ಬೆಡ್‌ರೂಮಿನ ಕಿಟಕಿ. ಗಿಡ ಅಲ್ಲಿಗೆ ಹೋಯಿತು. ಎರಡು ತಿಂಗಳು ಕಳೆದು ಏಳು ಮೊಗ್ಗು ಬಂದವು. ವಸಂತಿ ಮೊದಲು ಅಮ್ಮನಿಗೆ ಫೋನು ಮಾಡಿದಳು, ಆಮೇಲೆ ಅರಳಿದ ಎರಡು ಹೂ ಕಾಕುವಿಗೆ ಕೊಟ್ಟು ಬಂದಳು.

ಉಳಿದ ಮೊಗ್ಗನ್ನು ಕಣ್ಣಾರೆ ನೋಡೋಣವೆಂದು ಕಿಟಕಿಯ ಹತ್ತಿರ ಹೋಗಿ ಬಗ್ಗಿದೆ. ಹಿಂದಿನಿಂದ ದನಿ ಬಂತು: "ಸ್ವಲ್ಪ ಆಚೆ ಸರೀರಿ ಮಾರಾಯ್ರೆ, ನೆರಳು ಬೀಳ್ತದೆ."

ಸರಿ ಎಂದೆ.