ದೊರೆಯ ಕಾರಿನ ಸ್ಪೇರ್ ಸೀಟು

"ಇದನ್ನು ಸ್ವಲ್ಪ ಜೋಪಾನವಾಗಿ ಇಟ್ಟಿರು" ಅಂತ ಯಾರಾದರೂ ಒಂದು ಸಾಮಾನು ನನ್ನ ಕೈಗೆ ಕೊಟ್ಟರೆ ಸಾಕು, ಅವತ್ತಿನಿಂದ ಆ ಸಾಮಾನಿಗೂ ನನಗೂ ಒಟ್ಟಿಗೇ ಶನಿ ಹಿಡಿಯುತ್ತದೆ. ಚೆಟ್ಟಳ್ಳಿ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ಲೆಕ್ಕಪತ್ರ ಬರೆಯುವ ರೈಟರ್ ಆಗಿದ್ದಾಗ ನಮ್ಮ ಇಂಗ್ಲಿಷ್ ದೊರೆ ಮದರಾಸಿನಿಂದ ಒಂದು ಕಾರು ತರಿಸಿದರು. ಅದರ ಜೊತೆಗೆ ಇನ್ನೊಂದು ಸೀಟೂ ಬಂತು. ಕುದುರೆ ಕೂದಲು ತುಂಬಿದ, ಕೆಂಪು ತೊಗಲಿನ ಉದ್ದನೆಯ ದಪ್ಪ ಮೆತ್ತೆ. ಈಗಿನದು ಹರಿದಾಗ ಹಾಕುವುದಕ್ಕೆ ಅಂತೆ. "ರೈಟರ್, ಇದು ಹಾಳಾದರೆ ನೀನೂ ಮನೆಗೆ" ಎಂದು ಹೇಳಿ ದೊರೆ ಹೊಸ ಕಾರಿನಲ್ಲಿ ಹೊರಟುಹೋದರು.

ಕೊಬ್ಬು

ಸೀಟನ್ನು ಸ್ಟೋರಿನಲ್ಲಿಟ್ಟು ಬೀಗ ಹಾಕಿದೆ. ಮಳೆ ಹಿಡಿಯಿತು. ಕಕ್ಕಡ ತಿಂಗಳ ಜಡಿಮಳೆಯ ಹೊತ್ತಿಗೆ ಬಾಗಿಲು ತೆಗೆದು ನೋಡಿದರೆ ಕೆಂಪು ಸೀಟು ಹಸಿರಾಗಿದೆ! ಬೆರಳು ಇಟ್ಟರೆ ಬೂಷ್ಟು ಕುರಿಯ ಉಣ್ಣೆಯ ಹಾಗೆ ಮೆತ್ತಗಿತ್ತು. ಓಡಿಹೋಗಿ ದೊರೆಗೆ ಹೇಳಿದೆ. ಅವರು ಪೈಪು ಬಾಯಿಂದ ತೆಗೆಯದೆ, "ಒರೆಸಿ ಕೊಬ್ಬು ಹಚ್ಚು" ಎಂದರು.

ಕೊಬ್ಬು ಎಲ್ಲಿಂದ ತರುವುದು? ಬಂಗಲೆಯ ಬಟ್ಲರನ್ನು ಕೇಳಿದೆ. ಅವನು ಒಂದು ಡಬ್ಬಿ ಕೊಟ್ಟ. ನಮ್ಮದು ಲಿಂಗ ಕಟ್ಟಿದ ಮನೆತನ. ಅದು ಯಾವುದರ ಕೊಬ್ಬು ಎಂದು ಕೇಳಲು ನನಗೆ ಧೈರ್ಯವಿರಲಿಲ್ಲ, ಹೇಳಲು ಅವನಿಗೆ ಮನಸ್ಸಿರಲಿಲ್ಲ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಹಚ್ಚಿದೆ. ಸೀಟು ಫಳಫಳ ಹೊಳೆಯಿತು.

ಮರುದಿನ ಬೆಳಿಗ್ಗೆ ಸ್ಟೋರಿನ ಬಾಗಿಲ ಕೆಳಗಿನ ಹಲಗೆ ಇರಲಿಲ್ಲ. ಒಳಗೆ ದೊರೆಯ ಬೇಟೆನಾಯಿಗಳು ಸೀಟಿನ ಆಚೆ ತುದಿಗೊಂದು, ಈಚೆ ತುದಿಗೊಂದು ಕುಳಿತು ಕಣ್ಣು ಮುಚ್ಚಿ ಜಗಿಯುತ್ತಿದ್ದವು. ಕೆಲಸ ಹೋಯಿತು ಎಂದುಕೊಂಡೇ ಬಂಗಲೆಗೆ ಹೋದೆ. ದೊರೆ ಕೆಂಡವಾಗಿದ್ದರು.

"ರೈಟರ್! ನನ್ನ ನಾಯಿಗಳಿಗೆ ಅಜೀರ್ಣ ಆಗುವಂಥದ್ದು ಆ ಸೀಟಿಗೆ ಏನು ಹಚ್ಚಿದೆ?"

ಒಲೆ

ಇನ್ನು ಸ್ಟೋರನ್ನು ನಂಬುವ ಹಾಗಿರಲಿಲ್ಲ. ಮಡಿಕೇರಿ ಸಂತೆಯ ಚಮ್ಮಾರನಿಂದ ಕಡಿದ ಜಾಗ ಹೊಲಿಸಿ, ಸೀಟನ್ನು ಕಂಬಳಿಯಲ್ಲಿ ಸುತ್ತಿ ನನ್ನ ಮನೆಗೇ ತಂದೆ. ನಮ್ಮ ಕಡೆ ಬಿತ್ತನೆ ಬೀಜ, ಬುಟ್ಟಿ ಎಲ್ಲ ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಇಡುತ್ತೇವಲ್ಲ, ಹಾಗೆ ಇಟ್ಟರೆ ಬೂಷ್ಟು ಹತ್ತಿರ ಸುಳಿಯಲಾರದು ಎಂದು ನನ್ನ ಲೆಕ್ಕ.

ನನ್ನ ಹೆಂಡತಿ ಶನಿವಾರಸಂತೆ ಕಡೆಯವಳು, ಎರಡು ಹೊತ್ತು ಪೂಜೆ ತಪ್ಪಿಸುವವಳಲ್ಲ. ಕಂಬಳಿ ಬಿಚ್ಚಿ ನೋಡಿದಳು.

"ಏನ್ರೀ ಇದು?"

"ಚರ್ಮ."

"ಯಾರದ್ದು?"

"ದೊರೆಯದ್ದು."

"ಅಯ್ಯೋ ಶಿವನೇ! ಯಾವಾಗ ಹೋದ್ರು?"

ದೊರೆ ಬದುಕಿದ್ದಾರೆ ಎಂದು ಅವಳನ್ನು ನಂಬಿಸುವ ಹೊತ್ತಿಗೆ ಸಾಕಾಯಿತು. ಸಂಗತಿ ತಿಳಿದ ಮೇಲಂತೂ ಅವಳ ಕೋಪ ಇನ್ನೂ ಏರಿತು. "ದನದ ಚರ್ಮದ ಅಡಿಯಲ್ಲಿ ನಾನು ಅನ್ನ ಮಾಡಾಕಿಲ್ಲ. ಅದು ಒಳಗಿದ್ರೆ ಒಲೆ ಹೊರಗೆ" ಎಂದಳು.

ಕೈಮುಗಿದೆ. ಕೆಲಸ ಹೋದರೆ ಈ ಮನೆಯೂ ಇಲ್ಲ ಎಂದೆ. "ಹಂಗಾದ್ರೆ ಅದು ಒಳಗೇ ಇರ್ಲಿ" ಎಂದು ಹೇಳಿ, ಅವತ್ತೇ ಕಲ್ಲಿನ ಒಲೆಯನ್ನು ಜಗಲಿಗೆ ಸಾಗಿಸಿದಳು. ಆ ಮಳೆಗಾಲ ಪೂರ್ತಿ ನಾವು ಉಂಡದ್ದು ಜಗಲಿಯಲ್ಲೇ. ಎಲೆಗೆ ಸಾರಿಗಿಂತ ಮೊದಲು ಎರಚಲು ಬೀಳುತ್ತಿತ್ತು. ಸೀಟು ಮಾತ್ರ ಅಡುಗೆಮನೆಯಲ್ಲಿ ಬೆಚ್ಚಗೆ ಮಲಗಿತ್ತು. ಒಲೆ ಹೊರಗೆ ಹೋದ ಮೇಲೆ ಹೊಗೆ ಎಲ್ಲಿಂದ ಬರಬೇಕು? ಜಗಲಿಯ ಹೊಗೆ ಕುಡಿದು ಬೂಷ್ಟು ಹಿಡಿಯದೆ ಇದ್ದದ್ದು ನಾನೊಬ್ಬ.

ಬಾಣಂತಿ

ಮಾರನೆಯ ವರ್ಷ ಇಲಿಗಳ ಸರದಿ. ಕುದುರೆ ಕೂದಲು ಗೂಡಿಗೆ ಬಲು ಚೆನ್ನ ಎಂದು ಅವುಗಳಿಗೆ ಯಾರು ಹೇಳಿದರೋ! ನಾನು ಆಳುಗಳ ಲೈನ್ ಮನೆಯಿಂದ ಒಂದು ಬೆಕ್ಕು ತಂದೆ. ಇಲಿ ಓಡಿತು ನಿಜ. ಆದರೆ ಬೆಕ್ಕು ಸೀಟಿನ ಮೇಲೆಯೇ ಮರಿ ಹಾಕಿತು.

ದೊರೆಸಾನಿಗೆ ಸುದ್ದಿ ಮುಟ್ಟಿತು. ಕೊಡೆ ಹಿಡಿದುಕೊಂಡು ಬಂದು ನೋಡಿ ಕಣ್ಣಲ್ಲಿ ನೀರು ತಂದುಕೊಂಡರು. "ಮರಿಗಳು ಕಣ್ಣು ಬಿಡುವ ತನಕ ತಾಯಿಯನ್ನು ಯಾರೂ ಆ ಸೀಟಿನಿಂದ ಎಬ್ಬಿಸಕೂಡದು" ಎಂದು ಅಪ್ಪಣೆ ಮಾಡಿ ಹೋದರು. ಅವರು ಹೋದದ್ದೇ ತಡ, ಮೋಡ ಒಡೆದು ಬಿಸಿಲು ಬಂತು. ದೊರೆ ಕುದುರೆಯ ಮೇಲಿಂದಲೇ ಕೂಗಿದರು: "ರೈಟರ್! ಬಿಸಿಲು! ಸೀಟು ಹೊರಗೆ ಹಾಕು!"

ಗಂಡನ ಮಾತು ಮೀರಿದರೆ ಕೆಲಸ ಹೋಗುತ್ತದೆ, ಹೆಂಡತಿಯ ಮಾತು ಮೀರಿದರೂ ಹೋಗುತ್ತದೆ. ಬೆಕ್ಕು, ಮರಿಗಳ ಸಮೇತ ಸೀಟನ್ನು ಇಬ್ಬರು ಆಳುಗಳಿಂದ ಹೊರಿಸಿ ಕಾಫಿ ಒಣಗಿಸುವ ಕಣದ ನಡುವೆ ಇಳಿಸಿದೆ. ಮರಿಗಳಿಗೆ ಬಿಸಿಲು ಬಡಿಯಬಾರದಲ್ಲ, ಪಕ್ಕದಲ್ಲಿ ಕೊಡೆ ಬಿಚ್ಚಿ ಹಿಡಿದು ನಿಂತೆ. ಕಳೆ ತೆಗೆದು ಬರುತ್ತಿದ್ದ ಹೆಂಗಸರೆಲ್ಲ ಸಾಲಾಗಿ ನಿಂತರು. ಅವರ ಮೇಸ್ತ್ರಿ ನಗದೆ, ತಲೆವಸ್ತ್ರ ತೆಗೆದು ಮರ್ಯಾದೆಯಿಂದ ಕೇಳಿದ:

"ರೈಟರೇ, ಬಾಣಂತಿ ಸ್ನಾನ ಯಾವತ್ತು?"

ಹೊಸ ದೊರೆ

ಇಷ್ಟೆಲ್ಲ ಆದ ಮೇಲೆ ನಾನು ಪಾಠ ಕಲಿತೆ. ಸ್ಟೋರಿನ ಬಾಗಿಲು ಭದ್ರ ಮಾಡಿಸಿ, ಅಲ್ಲಿ ಎತ್ತರದ ಕಾಲಿನ ಪೆಟ್ಟಿಗೆ ಇರಿಸಿ, ಸೀಟನ್ನು ಮನೆಯಿಂದ ಅದಕ್ಕೆ ಸಾಗಿಸಿದೆ. ಗೆದ್ದಲು, ಇರುವೆ ಹತ್ತದ ಹಾಗೆ ಅದರ ಕಾಲುಗಳನ್ನು ಸೀಮೆಎಣ್ಣೆಯ ಬಟ್ಟಲುಗಳಲ್ಲಿ ನಿಲ್ಲಿಸಿದೆ. ಒಳಗೆ ಒಣಗಿದ ಬೇವಿನೆಲೆ, ಕರ್ಪೂರ. ಬಿಸಿಲು ಕಂಡ ದಿನ ಸೀಟು ಹೊರಗೆ, ಮೋಡ ಕಂಡರೆ ಒಳಗೆ. ನನ್ನ ಮಕ್ಕಳನ್ನೂ ನಾನು ಹಾಗೆ ನೋಡಿಕೊಂಡಿರಲಿಲ್ಲ. ಸೀಟು ಹೊಸದರ ಹಾಗೆ ಮಿರಿಮಿರಿ ಮಿಂಚತೊಡಗಿತು.

ಆಗ ಯುದ್ಧ ಬಂತು. ಪೆಟ್ರೋಲು ಸಿಗದಾಯಿತು. ದೊರೆ ಕಾರನ್ನು ಮೈಸೂರು ಕಡೆಯ ಒಬ್ಬ ಮರದ ವ್ಯಾಪಾರಿಗೆ ಮಾರಿ, ವಿಲಾಯತಿಯ ತಮ್ಮ ಊರಿಗೆ ಹೊರಟುನಿಂತರು. "ದೊರೆಗಳೇ, ಸೀಟು?" ಎಂದೆ. ಗಡಿಬಿಡಿಯಲ್ಲಿ ಅವರಿಗೆ ಏನು ಕೇಳಿಸಿತೋ, "ಥ್ಯಾಂಕ್ ಯೂ" ಎಂದು ಕೈಕುಲುಕಿ ಹೋದರು.

ಹೊಸ ದೊರೆ ಬಂದರು, ಸಣ್ಣ ವಯಸ್ಸು, ದೊಡ್ಡ ಸಂಶಯ. ಸ್ಟೋರು ನೋಡುತ್ತಾ ಪೆಟ್ಟಿಗೆ ತೆಗೆಸಿದರು. ಸೀಟಿನ ಮೇಲೆ ಕೈಯಾಡಿಸಿ ಬೆರಗಾದರು. ನನ್ನ ಎದೆ ಉಬ್ಬಿತು. ಇಷ್ಟು ವರ್ಷಗಳಲ್ಲಿ ಮೊದಲ ಸಲ ಒಬ್ಬರ ಬಾಯಲ್ಲಿ ಶಹಭಾಸ್ ಕೇಳುತ್ತೇನೆ ಎಂದು ಕಾದು ನಿಂತೆ.

"ಇದರ ಕಾರು ಎಲ್ಲಿ?" ಎಂದರು.

"ಕಾರು ಇಲ್ಲ, ಸ್ವಾಮಿ."

"ಕಾರು ಇಲ್ಲದೆ ಸೀಟು ಯಾಕೆ ಇದೆ?"

"ಇದು ಸ್ಪೇರು, ಸ್ವಾಮಿ."

"ಯಾವುದಕ್ಕೆ ಸ್ಪೇರು?"

"ಕಾರಿಗೆ."

"ಎಲ್ಲಿ ಕಾರು?"

ಮಾರಿದರು ಎಂದೆ. ಕಾರು ಮಾರುವವನು ಇಂಥ ಸೀಟನ್ನು ಬಿಟ್ಟು ಹೋಗುತ್ತಾನೆಯೇ ಎಂದು ಗದರಿದರು. ಬಟ್ಲರನ್ನು ಸಾಕ್ಷಿಗೆ ಕರೆಸಿದರು. ಆ ಪುಣ್ಯಾತ್ಮ ತಲೆ ಕೆರೆದುಕೊಂಡು, "ಕಾರು ಗೇಟು ದಾಟಿದ್ದು ನಾನು ಕಂಡಿದ್ದೇನೆ ದೊರೆ. ಒಳಗೆ ಯಾರಿದ್ದರು, ನಾನು ಕಂಡಿಲ್ಲ" ಎಂದ.

ಹೆಂಡತಿ ಮಕ್ಕಳು, ಮನೆ, ಜೈಲು ಎಲ್ಲ ಕಣ್ಣ ಮುಂದೆ ಬಂತು. ಹೊಸ ದೊರೆ ಪೆಟ್ಟಿಗೆ ಮುಚ್ಚಿಸಿದರು. ಆಮೇಲೆ ನನ್ನ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳಿದರು:

"ನೋಡು ರೈಟರ್, ನಾನು ಕೆಟ್ಟವನಲ್ಲ. ಪೊಲೀಸಿಗೆ ಹೇಳುವುದಿಲ್ಲ. ನೀನು ನಿಧಾನವಾಗಿ ಹುಡುಕು. ಕಾರು ಸಿಗುವ ತನಕ ಈ ಸೀಟನ್ನು ಜೋಪಾನವಾಗಿ ಇಟ್ಟಿರು."