ಅರವತ್ತು ಸಾವಿರದ ಮುಯ್ಯಿ

ಶಿಗ್ಗಾಂವದ ಕಲ್ಪಶ್ರೀ ಬಜಾರು ತನ್ನ ೪೧೭ನೆಯ ಕಾರ್ಡಿನ ಉದ್ರಿ ಮಿತಿಯನ್ನು ಇಪ್ಪತ್ತು ಸಾವಿರ ರೂಪಾಯಿಯಿಂದ ಅರವತ್ತು ಸಾವಿರಕ್ಕೆ ಏರಿಸಲು ತೀರ್ಮಾನಿಸಿತು. ಕಾರ್ಡು ನಿವೃತ್ತ ಮುಖ್ಯೋಪಾಧ್ಯಾಯಿನಿ ಶಿವಬಸವ್ವ ಅಕ್ಕೋರದು. ಅವರು ಎರಡು ವರ್ಷಗಳಲ್ಲಿ ಆ ಕಾರ್ಡಿನ ಮೇಲೆ ಒಂದು ಛತ್ರಿ ಒಯ್ದಿದ್ದರು. ಅದರ ಹಣವನ್ನು ಅದೇ ಮಧ್ಯಾಹ್ನ, ಮಳೆ ನಿಲ್ಲುವ ಮೊದಲೇ, ಬಂದು ಕಟ್ಟಿದ್ದರು. ಸಾಲ ಮಾಡದವರೇ ಹೆಚ್ಚಿನ ಸಾಲಕ್ಕೆ ಅರ್ಹರು ಎಂಬುದು ಬಜಾರಿನ ನಿಯಮ.

ಮೊಬೈಲಿಗೆ ಬಂದ ಸಂದೇಶ ಹೀಗಿತ್ತು: ‘ಅಭಿನಂದನೆಗಳು!!! ಒಪ್ಪಿದ್ದರೆ ಹೌದು, ಒಪ್ಪದಿದ್ದರೆ ಇಲ್ಲ ಎಂದು ಶನಿವಾರ ಸಂಜೆ ಐದರೊಳಗೆ ಉತ್ತರಿಸಿ.’ ಉದ್ಗಾರ ಚಿಹ್ನೆಗಳಲ್ಲಿ ಎರಡು ಅನವಶ್ಯಕ ಎಂದು ಅಕ್ಕೋರು ಗುರುತಿಸಿಕೊಂಡರು. ಉತ್ತರಿಸಲಿಲ್ಲ.

ಶುಕ್ರವಾರ ಬಜಾರಿನ ಕಾರ್ಡು ವಿಭಾಗದ ಗುಲ್ನಾರ ಅವರ ಮನೆಗೆ ಬಂದಳು. ಅವಳು ಸವಣೂರಿನಿಂದ ದಿನಾ ಬಸ್ಸಿನಲ್ಲಿ ಬಂದುಹೋಗುವ ಹಂಗಾಮಿ ನೌಕರಳು. ಆ ತಿಂಗಳು ಮುನ್ನೂರಾ ಹನ್ನೆರಡು ಸಂದೇಶ ಹೋಗಿದ್ದವು, ಮುನ್ನೂರಾ ಹನ್ನೊಂದಕ್ಕೆ ಉತ್ತರ ಬಂದಿತ್ತು. ಎಲ್ಲಕ್ಕೂ ಉತ್ತರ ಬಂದರೆ ಅವಳ ನೌಕರಿ ಕಾಯಂ. ಒಂದು ಉಳಿದರೂ ಸೋಮವಾರ ಬರಬೇಕಾಗಿಲ್ಲ.

“ಅಕ್ಕೋರ, ಹೌದರ ಅನ್ರಿ, ಇಲ್ಲರ ಅನ್ರಿ. ಯಾವುದಂದ್ರೂ ನನ್ನ ನೌಕರಿ ಉಳಿತೈತಿ.”

“ಮೊದಲ ಚಪ್ಪಲಿ ಜೋಡಿಸಿ ಬಿಡು.”

ಗುಲ್ನಾರ ಹಿಂದಿರುಗಿ ಚಪ್ಪಲಿ ಜೋಡಿಸಿ ಬಂದಳು.

“ಈಗ ಹೇಳು. ಇವರು ನನಗ ನಲವತ್ತು ಸಾವಿರ ಹೆಚ್ಚಿಗಿ ಯಾಕ ಕೊಡಾಕತ್ತಾರ? ನಮ್ಮನಿಯಾಗ ಏನು ಮದುವಿ ಐತೇನು?”

“ನಿಮ್ಮ ಮ್ಯಾಲ ವಿಶ್ವಾಸರಿ.”

“ಅಂದ್ರ ಆಹೇರ.”

“ಆಹೇರ ಅಲ್ರಿ ಅಕ್ಕೋರ, ಸಾಲ.”

“ನಾ ಕೇಳಿದ್ದೆನೇನು?”

“ಇಲ್ರಿ.”

“ಕೇಳದನ, ಬಾಗಿಲಿಗೆ ತಂದು ಕೊಟ್ಟದ್ದಕ್ಕ ನಮ್ಮ ಕಡೆ ಸಾಲ ಅನ್ನೂದಿಲ್ಲ.”

ಪಕ್ಕದ ಮನೆಯ ಮುದಕವ್ವ ಎಲೆ ಅಡಿಕೆ ಹಾಕಿಕೊಳ್ಳುತ್ತ ಕುಳಿತಿದ್ದಳು. “ಹೌದು ಅಂದುಬಿಡ್ರಿ ಅಕ್ಕೋರ. ಒಂದು ದೊಡ್ಡ ಫ್ರಿಜ್ ತರೂಣು. ನಿಮ್ಮನಿಯಾಗ ಜಾಗಾ ಇಲ್ಲ, ನಮ್ಮನಿಯಾಗ ಇಡೂಣು.”

ಈ ಸಲಹೆಯನ್ನು ಪರಿಗಣಿಸಲಾಗಲಿಲ್ಲ. ಆಹೇರವೆಂಬ ಉಡುಗೊರೆ ಮನೆಗೆ ಬಂದಾಗ ಬೇಡವೆನ್ನುವುದು ಕೊಟ್ಟವರಿಗೆ ಅಪಮಾನ. ಒಪ್ಪಿದರೆ ಮುಯ್ಯಿ ತೀರಿಸಬೇಕು, ಅದೂ ಬಂದದ್ದಕ್ಕಿಂತ ತುಸು ಹೆಚ್ಚಾಗಿ. ಕುಪ್ಪಸದ ಖಣ ಬಂದ ಮನೆಗೆ ಖಣದೊಂದಿಗೆ ಒಂದು ಟವೆಲ್ಲಾದರೂ ಹೋಗಬೇಕು. ಈ ವಿಷಯದಲ್ಲಿ ಹಾನಗಲ್ಲಿನವರಿಗಾಗಲಿ ಹಿರೇಕೆರೂರಿನವರಿಗಾಗಲಿ ವಿನಾಯಿತಿ ಇಲ್ಲ. ಆದ್ದರಿಂದ ಅಕ್ಕೋರು ಅಂಚು ಬಿಟ್ಟ ಹಾಳೆಯ ಮೇಲೆ ಪತ್ರ ಬರೆದು ಗುಲ್ನಾರಳ ಕೈಗಿತ್ತರು.

‘ಮಾನ್ಯರೇ, ತಮ್ಮ ಏರಿಕೆಯನ್ನು ಒಪ್ಪಲಾಗುವುದು. ಮುಯ್ಯಿಯಾಗಿ, ಈ ಮನೆಯಲ್ಲಿ ತಮ್ಮ ಬಜಾರಿನ ಉದ್ರಿ ಮಿತಿಯನ್ನು ಸೊನ್ನೆಯಿಂದ ಅರವತ್ತು ಸಾವಿರದ ನೂರಾ ಒಂದು ರೂಪಾಯಿಗೆ ಏರಿಸಲಾಗಿದೆ. ಆ ಬೆಲೆಯವರೆಗೆ ನಮ್ಮ ಮನೆಯ ಯಾವ ಸಾಮಾನನ್ನಾದರೂ ತಾವು ಒಯ್ಯಬಹುದು. ಇಪ್ಪತ್ತೊಂದು ದಿನಗಳಲ್ಲಿ ಮರಳಿಸತಕ್ಕದ್ದು. ಎರಡೂ ಏರಿಕೆಗಳು ಒಟ್ಟಿಗೇ ಜಾರಿಗೆ ಬರತಕ್ಕವು. ತಾವು ಹೌದು ಎಂದ ಮೇಲೆ ನಾನು ಹೌದು ಎನ್ನುವೆನು. ಅಭಿನಂದನೆಗಳು.’

ಉದ್ಗಾರ ಚಿಹ್ನೆ ಇರಲಿಲ್ಲ.

ಬಜಾರಿನ ಮಾಲೀಕ ಮಹಾಲಿಂಗಪ್ಪನವರು ಪತ್ರವನ್ನು ಎರಡು ಸಲ ಓದಿ ಕನ್ನಡಕ ಒರೆಸಿಕೊಂಡರು.

“ಮೂವತ್ತೊಂದು ವರ್ಷ ಆತು ವ್ಯಾಪಾರ ಶುರು ಮಾಡಿ. ನಾ ಊರಿಗೆಲ್ಲಾ ಉದ್ರಿ ಕೊಟ್ಟೇನಿ. ನನಗ್ಯಾರೂ ಕೊಟ್ಟಿದ್ದಿಲ್ಲವಾ.”

“ಹಂಗಾರ ಹೌದು ಅಂತ ಹೇಳಲೇನ್ರಿ?” ಗುಲ್ನಾರ ಬಾಗಿಲತ್ತ ತಿರುಗಿಯೇಬಿಟ್ಟಿದ್ದಳು.

“ತಡಿ. ನಾವು ಕಾರ್ಡ್ ಕೊಡೂಮುಂದ ಎಲ್ಲಾರ ಕಾಗದಪತ್ರ ನೋಡ್ತೀವಿ. ನನ್ನವು ನೋಡದ ಕೊಟ್ರ ನನ್ನ ಮರ್ಯಾದಿ ಏನುಳೀತು?”

ಶನಿವಾರ ನಾಲ್ಕು ಗಂಟೆಗೆ ಮಹಾಲಿಂಗಪ್ಪನವರು ಗುಲ್ನಾರಳೊಂದಿಗೆ ಆಧಾರ್ ಪ್ರತಿ, ಕರೆಂಟು ಬಿಲ್ಲು, ಎರಡು ಫೋಟೋ ಹಿಡಿದು ಅಕ್ಕೋರ ಮನೆಗೆ ಬಂದು, ಯಾರೂ ಹೇಳದೆಯೇ ಚಪ್ಪಲಿ ಜೋಡಿಸಿಟ್ಟರು. ಮುದಕವ್ವ ಜಾಮೀನಿಗೆ ಹೆಬ್ಬೆಟ್ಟು ಒತ್ತಿದಳು. ಅಕ್ಕೋರು ಫೋಟೋವನ್ನೂ ಮುಖವನ್ನೂ ಹೋಲಿಸಿ ನೋಡಿದರು.

“ಹಿಂದ ಯಾರದರ ಸಾಮಾನು ತಂದು, ತಿರುಗಿ ಕೊಡದ ಇಟ್ಕೊಂಡದ್ದು ಐತೇನ್ರಿ?”

ಮಹಾಲಿಂಗಪ್ಪನವರು ನೆಲ ನೋಡಿದರು.

“ಒಂದು ಏಣಿ ಐತ್ರಿ. ಮಗ್ಗಲ ಪಾತ್ರೆ ಅಂಗಡಿ ಹಯಾತಸಾಬರದು.”

“ಎಷ್ಟು ದಿನಾ ಆತು?”

“ಆರು ವರ್ಷ.”

“ಕೊಟ್ಟು ಬರ್ರಿ. ಆಮ್ಯಾಲ ನೋಡೂಣು.”

ಆಗ ನಾಲ್ಕು ಗಂಟೆ ಇಪ್ಪತ್ತು ನಿಮಿಷ. ಗುಲ್ನಾರ ಗಡಿಯಾರ ನೋಡಿ, ಮಾಲೀಕರ ತೋಳು ಹಿಡಿದು ಎಬ್ಬಿಸಿದಳು. ನೌಕರರು ಮಾಲೀಕರ ತೋಳು ಹಿಡಿಯಕೂಡದೆಂಬ ನಿಯಮ ಆ ಸಮಯಕ್ಕೆ ಯಾರಿಗೂ ನೆನಪಾಗಲಿಲ್ಲ.

ಮುಂದಿನ ತುದಿ ಮಹಾಲಿಂಗಪ್ಪನವರ ಹೆಗಲ ಮೇಲೆ, ಹಿಂದಿನ ತುದಿ ಗುಲ್ನಾರಳ ಹೆಗಲ ಮೇಲೆ, ಏಣಿ ಬಜಾರಿನಿಂದ ಹೊರಬಿತ್ತು. ಹಯಾತಸಾಬರು ಮೊದಲು ಅದನ್ನು ಗುರುತಿಸಲಿಲ್ಲ.

“ನಂದಲ್ರಿ ಇದು. ನಂದು ಹಸರ ಬಣ್ಣದ್ದು.”

“ಬಿಸಲಿಗೆ ಹಾರೇತ್ರಿ ಚಾಚಾ,” ಎಂದಳು ಗುಲ್ನಾರ. “ಲಗೂನ ಚೀಟಿ ಬರೀರಿ, ನಿಮ್ಮ ಕಾಲಿಗೆ ಬೀಳ್ತೇನಿ.”

“ಆರು ವರ್ಷ ಬಿಟ್ಟು ಕೊಟ್ಟು, ಲಗೂ ಅಂತೀಯಲ್ಲವಾ!” ಎನ್ನುತ್ತಲೇ ಅವರು ಚೀಟಿ ಬರೆದರು.

ನಾಲ್ಕು ಐವತ್ತೆರಡಕ್ಕೆ ಚೀಟಿ ಅಕ್ಕೋರ ಮೇಜಿನ ಮೇಲಿತ್ತು. ನಾಲ್ಕು ಐವತ್ತಾರಕ್ಕೆ ಮಹಾಲಿಂಗಪ್ಪನವರು ಎದ್ದು ನಿಂತು ಹೌದು ಎಂದರು. ಅಕ್ಕೋರು ಕನ್ನಡಕ ಹುಡುಕಿ, ಮೊಬೈಲು ತೆರೆದು, ಒಂದೊಂದೇ ಅಕ್ಷರ ಒತ್ತಿ ಹೌದು ಎಂದು ಕಳಿಸಿ, ಕೊನೆಯಲ್ಲಿ ಪೂರ್ಣವಿರಾಮ ಹಾಕುವುದು ಮರೆತದ್ದಕ್ಕೆ ಬೇಸರಿಸಿದರು. ಗುಲ್ನಾರ ಅಲ್ಲಿಯೇ ಜಮಖಾನದ ಮೇಲೆ ಕುಸಿದು ಕುಳಿತು ಮುದಕವ್ವನ ಎಲೆ ಅಡಿಕೆಯನ್ನು ಕೇಳದೆಯೇ ತೆಗೆದುಕೊಂಡು ಬಾಯಿಗೆ ಹಾಕಿಕೊಂಡಳು. ನೌಕರಿ ಕಾಯಂ ಆಗಿತ್ತು.

ದೀಪಾವಳಿಗೆ ಬಜಾರು ತನ್ನ ಮಿತಿಯ ಮೇಲೆ ಅಕ್ಕೋರ ಮನೆಯಿಂದ ಒಂದು ಜಮಖಾನ, ಎರಡು ಪರಾತ ತಟ್ಟೆ ಒಯ್ದು, ಇಪ್ಪತ್ಮೂರನೆಯ ದಿನ ಮರಳಿಸಿತು. ಎರಡು ದಿನದ ವಿಳಂಬಕ್ಕೆ ದಂಡವಾಗಿ ಎರಡು ಖಣ ಕೊಟ್ಟಿತು. ತಡಮಾಡಿ, ದಂಡ ಕಟ್ಟಿ, ಮತ್ತೆ ಬರುವವರೇ ಉತ್ತಮ ಗ್ರಾಹಕರೆಂದು ಗುಲ್ನಾರ ವಿವರಿಸಿದ್ದರಿಂದ ಅಕ್ಕೋರು ಬಜಾರಿನ ಮಿತಿಯನ್ನು ಒಂದು ಲಕ್ಷಕ್ಕೆ ಏರಿಸಿದರು. ಬಜಾರು ಮುಯ್ಯಿ ತೀರಿಸಿತು.

ಸದ್ಯ ಎರಡೂ ಕಡೆ ಮಿತಿ ಏಳು ಲಕ್ಷ ದಾಟಿದೆ. ಅಕ್ಕೋರ ಮನೆಯ ಸಾಮಾನೆಲ್ಲ ಸೇರಿಸಿದರೂ ಅಷ್ಟು ಬೆಲೆಯಾಗದು. ಬಜಾರಿನದೂ ಆಗದೆಂದು ಮಹಾಲಿಂಗಪ್ಪನವರು ಖಾಸಗಿಯಾಗಿ ಒಪ್ಪಿದ್ದಾರೆ. ಬಂಕಾಪುರ, ಸವಣೂರುಗಳಿಂದಲೂ ಅರವತ್ತು ಮನೆಯವರು ಬಜಾರಿಗೆ ಮಿತಿ ಮಂಜೂರು ಮಾಡಿದ್ದು, ಹೊಸದಾಗಿ ತೆರೆದ ಮುಯ್ಯಿ ವಿಭಾಗಕ್ಕೆ ಗುಲ್ನಾರಳೇ ಮುಖ್ಯಸ್ಥೆ. ಅವಳಿಗೊಂದು ತಿರುಗುವ ಕುರ್ಚಿಯಿದೆ. ಅದು ಹಾನಗಲ್ಲಿನ ಒಬ್ಬ ಗ್ರಾಹಕರದು.

ಅಕ್ಕೋರ ಆ ಛತ್ರಿಯನ್ನು ಕಳೆದ ತಿಂಗಳು ಬಜಾರು ತನ್ನ ಮಿತಿಯ ಮೇಲೆ ಒಯ್ದಿದೆ. ಮಳೆ ಬಂದ ದಿನ ಅಕ್ಕೋರು ಹೋಗಿ ಅದನ್ನು ತಮ್ಮ ಕಾರ್ಡಿನ ಮೇಲೆ ಪಡೆದು, ಮಳೆ ನಿಲ್ಲುವ ಮೊದಲೇ ಮರಳಿಸಿ, ನೆನೆದುಕೊಂಡು ಮನೆಗೆ ಬರುತ್ತಾರೆ.